ನೆಟ್ ಇಲ್ಲದಾಗಲೂ ಜಾಲತಾಣ ಕಟ್ಟಲು ಲೋಕಲ್ ಸರ್ವರ್: ಎಲ್ಲಿಂದ ಆರಂಭಿಸಲಿ?

ಹೊಸಪುಟ

ಎಲ್ಲರಿಗೂ ನಮಸ್ಕಾರ. ಸಣ್ಣ ಸಂಸ್ಥೆಯೊಂದಕ್ಕೆ ಜಾಲತಾಣ ಕಟ್ಟುತ್ತಿದ್ದೇನೆ. ಒಂದಷ್ಟು ಸ್ಥಿರ ಪುಟಗಳು, ಒಂದು ಸಂಪರ್ಕ ಫಾರ್ಮ್, ಸುದ್ದಿ ಸೇರಿಸಲು ವರ್ಡ್‌ಪ್ರೆಸ್. ನಾನು ಕೂತು ಕೆಲಸ ಮಾಡುವ ಜಾಗದಲ್ಲಿ ಇಂಟರ್ನೆಟ್ ಬಂದರೆ ಬಂತು, ಹೋದರೆ ಹೋಯಿತು. ಇಲ್ಲಿಯವರೆಗೆ ಎಚ್‌ಟಿಎಂಎಲ್ ಕಡತವನ್ನು ಕ್ಲಿಕ್ ಮಾಡಿ ಬ್ರೌಸರ್‌ನಲ್ಲಿ ತೆರೆದು ನೋಡುತ್ತಿದ್ದೆ. ಈಗ ಎರಡು ತೊಂದರೆ ಎದುರಾಗಿವೆ. ಪಿಎಚ್‌ಪಿ ಕಡತವನ್ನು ತೆರೆದರೆ ಒಳಗಿನ ಕೋಡ್ ಹಾಗೆಯೇ ಕಾಣುತ್ತದೆ. ಜಾವಾಸ್ಕ್ರಿಪ್ಟನ್ನು ಮಾಡ್ಯೂಲ್‌ಗಳಾಗಿ ಒಡೆದ ಮೇಲೆ ಮೆನು ಕೆಲಸ ಮಾಡುತ್ತಿಲ್ಲ, ಕನ್ಸೋಲ್ ತುಂಬ ಕೆಂಪು ಸಾಲುಗಳು.

ಸರ್ವರ್, ಡೇಟಾಬೇಸ್ ಒಟ್ಟಿಗೆ ಬರುವ ಝ್ಯಾಂಪ್ ಹಾಕಿಕೊಳ್ಳಿ ಎನ್ನುವವರಿದ್ದಾರೆ, ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಇಲ್ಲದೆ ಈಗ ಯಾರೂ ಕೆಲಸ ಮಾಡುವುದಿಲ್ಲ ಎನ್ನುವವರೂ ಇದ್ದಾರೆ. ನನ್ನದು ವಿಂಡೋಸ್ ಲ್ಯಾಪ್‌ಟಾಪ್, 8 ಜಿಬಿ ಮೆಮೊರಿ. ದಾರಿ ತೋರಿಸಿ.

ಅರ್ಧವಿರಾಮ

ಝ್ಯಾಂಪ್, ಡಾಕರ್ ಜಗಳ ಆಮೇಲೆ ಇರಲಿ. ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ. ಕ್ಲಿಕ್ ಮಾಡಿ ತೆರೆದ ಪುಟದ ವಿಳಾಸ ‘ಎಚ್‌ಟಿಟಿಪಿ’ ಎಂದಲ್ಲ, ‘ಫೈಲ್’ ಎಂದು ಆರಂಭವಾಗಿರುತ್ತದೆ. ಅಲ್ಲಿ ಸರ್ವರ್ ಎಂಬುದೇ ಇಲ್ಲ, ಬ್ರೌಸರ್ ನೇರವಾಗಿ ಡಿಸ್ಕಿನಿಂದ ಓದುತ್ತಿರುತ್ತದೆ. ಪಿಎಚ್‌ಪಿಯನ್ನು ಓಡಿಸಿ ಎಚ್‌ಟಿಎಂಎಲ್ ಮಾಡಿಕೊಡಬೇಕಾದದ್ದು ಸರ್ವರ್. ಅದು ಇಲ್ಲದಿದ್ದರೆ ಕೋಡ್ ಬೆತ್ತಲೆಯಾಗಿ ಕಾಣುವುದು ಸಹಜ.

ಮಾಡ್ಯೂಲ್‌ಗಳದ್ದು ಭದ್ರತೆಯ ಪ್ರಶ್ನೆ. ಡಿಸ್ಕಿನಿಂದ ತೆರೆದ ಪುಟಕ್ಕೆ ಅದೇ ಫೋಲ್ಡರಿನ ಪಕ್ಕದ ಕಡತವೂ ಪರಕೀಯವೇ ಎಂದು ಬ್ರೌಸರ್ ಭಾವಿಸುತ್ತದೆ. ಹಾಗಲ್ಲದಿದ್ದರೆ ಯಾರೋ ಕಳುಹಿಸಿದ ಎಚ್‌ಟಿಎಂಎಲ್ ಕಡತವೊಂದನ್ನು ನೀವು ತೆರೆದ ಕೂಡಲೇ ಅದು ನಿಮ್ಮ ದಾಖಲೆಗಳನ್ನೆಲ್ಲ ಓದಿಬಿಡಬಹುದಿತ್ತು. ಇದರ ಜೊತೆಗೆ ಓರೆಗೆರೆಯಿಂದ ಆರಂಭವಾಗುವ ಮಾರ್ಗಗಳೂ ಕೈಕೊಡುತ್ತವೆ. ಸರ್ವರ್ ಇದ್ದಾಗ ಆ ಓರೆಗೆರೆ ಎಂದರೆ ತಾಣದ ಮೂಲ ಫೋಲ್ಡರ್, ಇಲ್ಲದಾಗ ಇಡೀ ಡಿಸ್ಕಿನ ಬುಡ. ಚಿತ್ರಗಳೂ ಶೈಲಿಯೂ ಕಾಣೆಯಾಗುವುದು ಇದರಿಂದಲೇ.

ಅಂದ ಹಾಗೆ ‘ಲೋಕಲ್‌ಹೋಸ್ಟ್’ ಎಂದರೆ 127.0.0.1, ಅಂದರೆ ನಿಮ್ಮದೇ ಯಂತ್ರ. ಈ ವಿಳಾಸಕ್ಕೆ ಹೋಗುವ ಕೋರಿಕೆ ನೆಟ್‌ವರ್ಕ್ ತಂತಿಯನ್ನು ಮುಟ್ಟುವುದೇ ಇಲ್ಲ, ಯಂತ್ರದೊಳಗೇ ತಿರುಗಿ ಬರುತ್ತದೆ. ಇಂಟರ್ನೆಟ್ ಇಲ್ಲದೆ ಕೆಲಸ ನಡೆಯುವುದು ಈ ಕಾರಣಕ್ಕೆ.

ಕಪ್ಪುತೆರೆ

ಸ್ಥಿರ ಪುಟಗಳಿಗಾಗಿ ದೊಡ್ಡ ಪ್ಯಾಕೇಜ್ ಹೊತ್ತುಕೊಳ್ಳಬೇಡಿ. ಕಂಪ್ಯೂಟರ್‌ನಲ್ಲಿ ಪೈಥಾನ್ ಇದ್ದರೆ ಟರ್ಮಿನಲ್ ತೆರೆದು, ತಾಣದ ಫೋಲ್ಡರಿಗೆ ಹೋಗಿ, ‘ಪೈಥಾನ್ -ಎಂ ಎಚ್‌ಟಿಟಿಪಿ.ಸರ್ವರ್ 8000’ ಎಂದು ಕೊಡಿ. ಬ್ರೌಸರ್‌ನಲ್ಲಿ ‘ಲೋಕಲ್‌ಹೋಸ್ಟ್:8000’ ತೆರೆಯಿರಿ. ಮುಗಿಯಿತು. ಪಿಎಚ್‌ಪಿ ಬೇಕಾದರೆ ಅದರೊಳಗೇ 5.4ನೇ ಆವೃತ್ತಿಯಿಂದ, ಅಂದರೆ 2012ರಿಂದ ಸರ್ವರ್ ಇದೆ: ‘ಪಿಎಚ್‌ಪಿ -ಎಸ್ ಲೋಕಲ್‌ಹೋಸ್ಟ್:8000’. ಇಲ್ಲಿ ಎಸ್ ದೊಡ್ಡಕ್ಷರವಾಗಿರಬೇಕು. (ಆಜ್ಞೆಗಳನ್ನು ಓದುವ ರೀತಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಒಂದು ಎಚ್ಚರಿಕೆ: ಪೈಥಾನ್ ಸರ್ವರ್ ಸುಮ್ಮನೆ ಬಿಟ್ಟರೆ ಯಂತ್ರದ ಎಲ್ಲ ವಿಳಾಸಗಳಿಗೂ ಕಿವಿಗೊಟ್ಟು ಕೂರುತ್ತದೆ. ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಆ ಫೋಲ್ಡರ್ ನೋಡಬಹುದು. ಕೊನೆಯಲ್ಲಿ ‘--ಬೈಂಡ್ 127.0.0.1’ ಎಂದು ಸೇರಿಸಿ.

ತೆರೆಮರೆ

ಕಪ್ಪುತೆರೆ ಅವರು ಹೇಳಿದ್ದು ಸರಿ, ಆದರೆ ಪ್ರಶ್ನೆ ಕೇಳಿದವರಿಗೆ ವರ್ಡ್‌ಪ್ರೆಸ್ ಬೇಕು. ಅದಕ್ಕೆ ಡೇಟಾಬೇಸ್ ಬೇಕೇ ಬೇಕು. ಅಲ್ಲದೆ ಪಿಎಚ್‌ಪಿಯ ಒಳಸರ್ವರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕೋರಿಕೆಯನ್ನು ನಿಭಾಯಿಸುತ್ತದೆ. ವರ್ಡ್‌ಪ್ರೆಸ್ ಕೆಲವೊಮ್ಮೆ ತನ್ನನ್ನು ತಾನೇ ಹಿಂಬದಿಯಿಂದ ಕರೆಯುತ್ತದೆ, ಆಗ ಒಬ್ಬರನ್ನೊಬ್ಬರು ಕಾಯುತ್ತ ನಿಲ್ಲುತ್ತಾರೆ. ಇನ್ನೂ ಮುಖ್ಯವಾಗಿ, ಅಪಾಚೆ ಎಂಬ ವೆಬ್ ಸರ್ವರ್‌ಗೆ ನಿಯಮಗಳನ್ನು ಹೇಳುವ ‘.ಎಚ್‌ಟಿಆಕ್ಸೆಸ್’ ಕಡತವನ್ನು ಅದು ಓದುವುದಿಲ್ಲ. ಲೈವ್ ಸರ್ವರ್, ಅಂದರೆ ತಾಣ ಕೊನೆಗೆ ಜನರಿಗೆ ಕಾಣುವ ಸರ್ವರ್, ಅಪಾಚೆಯಾಗಿದ್ದರೆ, ಮನೆಯಲ್ಲಿ ಸರಿಯಿದ್ದ ಮರುನಿರ್ದೇಶನದ ನಿಯಮ ಅಲ್ಲಿ ಬೇರೆ ಆಟ ಆಡುತ್ತದೆ.

ಹೊಸಪುಟ ಅವರೇ, ನಿಮಗೆ ಝ್ಯಾಂಪ್ ಸಾಕು. ಅದರಲ್ಲಿ ಅಪಾಚೆ, ಮರಿಯಾಡಿಬಿ ಎಂಬ ಡೇಟಾಬೇಸ್, ಪಿಎಚ್‌ಪಿ, ಪರ್ಲ್ ಒಟ್ಟಿಗೆ ಬರುತ್ತವೆ. ಮೊದಲು ಮೈಎಸ್‌ಕ್ಯೂಎಲ್ ಇತ್ತು, 2015ರಲ್ಲಿ ಅದರ ಜಾಗಕ್ಕೆ ಮರಿಯಾಡಿಬಿ ಬಂತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂದಿಗೂ ಮೈಎಸ್‌ಕ್ಯೂಎಲ್ ಎಂದೇ ಬರೆದಿದೆ, ಗಾಬರಿ ಬೇಡ. ಸಿ ಡ್ರೈವಿನಲ್ಲಿ ನೇರವಾಗಿ ಸ್ಥಾಪಿಸಿ. ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಕಿದರೆ ಬರೆಯುವ ಅನುಮತಿಯ ಕಿರಿಕಿರಿ ತಪ್ಪುವುದಿಲ್ಲ. ನಿಮ್ಮ ತಾಣ ‘ಎಚ್‌ಟಿಡಾಕ್ಸ್’ ಫೋಲ್ಡರಿನೊಳಗೆ ಇರಬೇಕು.

ಸ್ಥಾಪಿಸುವ ಮೊದಲು ನಿಮ್ಮ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿಯ ಯಾವ ಆವೃತ್ತಿ ಇದೆ ಎಂದು ನೋಡಿಕೊಂಡು, ಅದಕ್ಕೆ ಹೊಂದುವ ಝ್ಯಾಂಪನ್ನೇ ಇಳಿಸಿಕೊಳ್ಳಿ. ಹೊಸತೇ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹೊಸಪುಟ

ಧನ್ಯವಾದಗಳು. ಝ್ಯಾಂಪ್ ಹಾಕಿದೆ. ಡೇಟಾಬೇಸ್ ಹಸಿರಾಯಿತು, ಅಪಾಚೆ ಮಾತ್ರ ಶುರುವಾಗಿ ತಕ್ಷಣ ನಿಲ್ಲುತ್ತಿದೆ. ಪೋರ್ಟ್ 80 ಬಳಕೆಯಲ್ಲಿದೆ ಎನ್ನುತ್ತಿದೆ.

ತೆರೆಮರೆ

ಪೋರ್ಟ್ ಎಂದರೆ ಯಂತ್ರಕ್ಕೆ ಬರುವ ಕೋರಿಕೆಗಳಿಗೆ ಇರುವ ಬಾಗಿಲಿನ ಸಂಖ್ಯೆ. ಒಂದು ಪೋರ್ಟಿನಲ್ಲಿ ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ಕೂರಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ನೆಟ್‌ಸ್ಟ್ಯಾಟ್’ ಗುಂಡಿ ಒತ್ತಿದರೆ 80ರಲ್ಲಿ ಯಾರು ಕೂತಿದ್ದಾರೆ ಎಂದು ಕಾಣುತ್ತದೆ. ಪ್ರಕ್ರಿಯೆಯ ಸಂಖ್ಯೆ 4, ಹೆಸರು ‘ಸಿಸ್ಟಂ’ ಎಂದಿದ್ದರೆ ಅದು ವಿಂಡೋಸ್‌ನದೇ ಎಚ್‌ಟಿಟಿಪಿ ಸೇವೆ. ಹೆಚ್ಚಾಗಿ ಐಐಎಸ್ ಎಂಬ ಮೈಕ್ರೋಸಾಫ್ಟ್ ವೆಬ್ ಸರ್ವರ್ ಚಾಲೂ ಆಗಿರುತ್ತದೆ. ‘ಸರ್ವಿಸಸ್’ಗೆ ಹೋಗಿ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್’ ಸೇವೆಯನ್ನು ನಿಲ್ಲಿಸಬಹುದು.

ನಿಲ್ಲಿಸುವುದು ಬೇಡವೆಂದರೆ ಅಪಾಚೆಯ ಸಂರಚನಾ ಕಡತದಲ್ಲಿ ‘ಲಿಸನ್ 80’ ಎಂಬುದನ್ನು 8080 ಮಾಡಿ, ‘ಸರ್ವರ್‌ನೇಮ್’ ಸಾಲಿನಲ್ಲೂ ಹಾಗೆಯೇ ಬದಲಿಸಿ. ಎಚ್‌ಟಿಟಿಪಿಎಸ್‌ನ ಪೋರ್ಟ್ ಆದ 443ಕ್ಕೂ ಇದೇ ಜಗಳ ಬಂದರೆ ಎಸ್‌ಎಸ್‌ಎಲ್ ಕಡತದಲ್ಲಿ ಬೇರೆ ಸಂಖ್ಯೆ ಕೊಡಿ. ಆದರೆ ಪೋರ್ಟ್ ಯಾವುದು ಎಂಬುದನ್ನು ವರ್ಡ್‌ಪ್ರೆಸ್ ಸ್ಥಾಪಿಸುವ ಮೊದಲೇ ತೀರ್ಮಾನಿಸಿ. ವರ್ಡ್‌ಪ್ರೆಸ್ ತನ್ನ ಪೂರ್ಣ ವಿಳಾಸವನ್ನು, ಪೋರ್ಟ್ ಸಂಖ್ಯೆಯ ಸಮೇತ, ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಪೋರ್ಟ್ ಬದಲಿಸಿದರೆ ಅದು ಹಳೆಯ ವಿಳಾಸಕ್ಕೇ ನಿಮ್ಮನ್ನು ಅಟ್ಟುತ್ತದೆ.

ಅರ್ಧವಿರಾಮ

ಮನಸ್ಸಿಗೆ ಬಂದ ಪೋರ್ಟ್ ಸಂಖ್ಯೆಯನ್ನೂ ಕೊಡಬೇಡಿ. 6000ದಂಥ ಕೆಲವು ಸಂಖ್ಯೆಗಳು ಬೇರೆ ಸೇವೆಗಳ ಪಾಲಿಗೆ ಹೋಗಿವೆ, ಸರ್ವರ್ ಸರಿಯಾಗಿ ಓಡುತ್ತಿದ್ದರೂ ಕ್ರೋಮ್ ಅವುಗಳನ್ನು ಅಸುರಕ್ಷಿತ ಎಂದು ತೆರೆಯಲು ಒಪ್ಪುವುದಿಲ್ಲ. ಲಿನಕ್ಸ್ ಬಳಸುವವರಿಗೆ: 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ಸಾಮಾನ್ಯವಾಗಿ ರೂಟ್ ಅನುಮತಿ ಬೇಕು. ಮ್ಯಾಕ್ ಬಳಸುವವರಿಗೆ: 2021ರ ಮಾಂಟೆರೆಯಿಂದ ಪಿಎಚ್‌ಪಿ ವ್ಯವಸ್ಥೆಯ ಜೊತೆಗೆ ಬರುವುದಿಲ್ಲ, 5000ದಲ್ಲಿ ಏರ್‌ಪ್ಲೇ ಕೂತಿರುತ್ತದೆ. 8000, 8080 ಎಲ್ಲರಿಗೂ ನಿರಪಾಯ.

ಹೊಸಪುಟ

8080ರಲ್ಲಿ ಅಪಾಚೆ ಹಸಿರಾಯಿತು. ವರ್ಡ್‌ಪ್ರೆಸ್ ಕೂಡ ಬಂತು! ಈಗ ವಿಚಿತ್ರವೊಂದು. ವರ್ಡ್‌ಪ್ರೆಸ್‌ನಲ್ಲಿ ಬರೆದ ಕನ್ನಡ ಸರಿಯಾಗಿಯೇ ಇದೆ. ಸಂಪರ್ಕ ಫಾರ್ಮಿಗೆ ನಾನೇ ಮಾಡಿದ ಟೇಬಲ್‌ನಲ್ಲಿ ಮಾತ್ರ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿವೆ.

ಅರ್ಧವಿರಾಮ

ನಿಮ್ಮ ಟೇಬಲ್ ‘ಲ್ಯಾಟಿನ್1’ ಎಂಬ ಅಕ್ಷರಸಂಕೇತದಲ್ಲಿ ಹುಟ್ಟಿರಬೇಕು. ಮರಿಯಾಡಿಬಿಯ ಹಳೆಯ ಆವೃತ್ತಿಗಳ ಮೂಲ ಆಯ್ಕೆ ಅದು. ಪಶ್ಚಿಮ ಯೂರೋಪಿನ ಅಕ್ಷರಗಳಷ್ಟೇ ಅದರಲ್ಲಿವೆ, ಕನ್ನಡಕ್ಕೆ ಜಾಗವಿಲ್ಲ. ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿದುಕೊಂಡದ್ದು ಮತ್ತೆ ಕನ್ನಡವಾಗುವುದಿಲ್ಲ, ಮೂಲ ಪಠ್ಯ ಹೋದಂತೆಯೇ.

ಟೇಬಲ್ಲನ್ನು ‘ಯುಟಿಎಫ್8ಎಂಬಿ4’ಗೆ ಬದಲಿಸಿ. ಪಟ್ಟಿಯಲ್ಲಿ ಬರಿಯ ‘ಯುಟಿಎಫ್8’ ಕೂಡ ಕಾಣುತ್ತದೆ, ಅದನ್ನು ಆರಿಸಬೇಡಿ. ಅದು ಒಂದು ಅಕ್ಷರಕ್ಕೆ ಮೂರು ಬೈಟ್‌ಗಳಷ್ಟೇ ಕೊಡುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಸಾಕಾಗುವುದರಿಂದ ಮೊದಮೊದಲು ಎಲ್ಲವೂ ಸರಿಯಿದೆ ಎನಿಸುತ್ತದೆ. ಯಾರಾದರೂ ಒಂದು ಎಮೋಜಿ ಹಾಕಿದ ದಿನ ನಾಲ್ಕನೆಯ ಬೈಟ್‌ಗೆ ಜಾಗವಿಲ್ಲದೆ ಸಂದೇಶ ತುಂಡಾಗುತ್ತದೆ. ಪಿಎಚ್‌ಪಿಯಿಂದ ಸಂಪರ್ಕ ತೆರೆಯುವಾಗಲೂ ಇದೇ ಹೆಸರನ್ನು ಹೇಳಬೇಕು, ಟೇಬಲ್ ಒಂದನ್ನೇ ಬದಲಿಸಿದರೆ ಸಾಲದು.

ಎಡಿಟರ್‌ನಲ್ಲಿ ಕಡತ ಉಳಿಸುವಾಗ ‘ಬಿಒಎಂ ಇಲ್ಲದ ಯುಟಿಎಫ್-8’ ಆಯ್ಕೆ ಮಾಡಿ. ಬಿಒಎಂ ಎಂದರೆ ಕಡತದ ಮೊದಲಲ್ಲಿ ಕೂರುವ ಮೂರು ಕಾಣದ ಬೈಟ್‌ಗಳು. ಪಿಎಚ್‌ಪಿ ಕಡತದ ತಲೆಯಲ್ಲಿ ಅವು ಸೇರಿಕೊಂಡರೆ ‘ಹೆಡರ್‌ಗಳನ್ನು ಈಗಾಗಲೇ ಕಳುಹಿಸಲಾಗಿದೆ’ ಎಂಬ ದೋಷ ಬರುತ್ತದೆ. ಕಣ್ಣಿಗೆ ಕಾಣದ್ದನ್ನು ಹುಡುಕಲು ಹೊರಟವರ ಸಂಜೆ ಹಾಳು.

ಡಬ್ಬಿಗಾರ

ಇಷ್ಟೆಲ್ಲ ರಗಳೆ ಯಾಕೆ? ಡಾಕರ್‌ನಲ್ಲಿ ಏನೇನು ಓಡಬೇಕೆಂದು ಪಟ್ಟಿ ಮಾಡುವ ಒಂದು ಕಂಪೋಸ್ ಕಡತ ಬರೆದಿಟ್ಟರೆ ಪಿಎಚ್‌ಪಿಯ ಆವೃತ್ತಿ, ಡೇಟಾಬೇಸಿನ ಆವೃತ್ತಿ, ಅಕ್ಷರಸಂಕೇತ ಎಲ್ಲವೂ ಲೈವ್ ಸರ್ವರ್‌ನಲ್ಲಿ ಇದ್ದಂತೆಯೇ ಇರುತ್ತವೆ. ಇನ್ನೊಂದು ಯಂತ್ರಕ್ಕೆ ಹೋದರೂ ಅದೇ ಕಡತ ಸಾಕು. ಎರಡು ತಾಣಗಳಿಗೆ ಎರಡು ಬೇರೆ ಪಿಎಚ್‌ಪಿ ಬೇಕಾದಾಗ ಝ್ಯಾಂಪ್ ಬಳಸುವವರ ಪಾಡು ನೋಡಲಾಗದು.

ಕಪ್ಪುತೆರೆ

ವಿಂಡೋಸ್‌ನಲ್ಲಿ ಡಾಕರ್ ಎಂದರೆ ಒಳಗೊಂದು ಲಿನಕ್ಸ್ ಓಡಬೇಕು. 8 ಜಿಬಿಯಲ್ಲಿ ಬ್ರೌಸರ್, ಎಡಿಟರ್, ಅದರ ಮೇಲೆ ಇದು. ಉಸಿರುಗಟ್ಟುತ್ತದೆ. ಮೇಲಾಗಿ ತಾಣದ ಫೋಲ್ಡರ್ ವಿಂಡೋಸ್ ಡಿಸ್ಕಿನಲ್ಲಿದ್ದು ಸರ್ವರ್ ಲಿನಕ್ಸ್‌ನೊಳಗಿದ್ದರೆ ಕಡತ ಓದುವುದೇ ನಿಧಾನ. ವರ್ಡ್‌ಪ್ರೆಸ್ ಒಂದು ಪುಟಕ್ಕೆ ನೂರಾರು ಕಡತಗಳನ್ನು ಓದುತ್ತದೆ. ಸುದ್ದಿ ಪುಟವೊಂದಕ್ಕೆ ಇಷ್ಟು ಸಂಭ್ರಮ ಬೇಕೆ?

ಡಬ್ಬಿಗಾರ

ಫೋಲ್ಡರನ್ನು ಲಿನಕ್ಸ್ ಭಾಗದಲ್ಲೇ ಇಟ್ಟರೆ ಆ ನಿಧಾನ ಇರುವುದಿಲ್ಲ. ಮೆಮೊರಿಯ ಮಾತು ಒಪ್ಪುತ್ತೇನೆ. ಇನ್ನೊಂದನ್ನು ನಾನೇ ಹೇಳಿಬಿಡುತ್ತೇನೆ: ಇಮೇಜ್‌ಗಳನ್ನು, ಅಂದರೆ ಡಾಕರ್ ಓಡಿಸುವ ಸಿದ್ಧ ಪ್ಯಾಕೇಜ್‌ಗಳನ್ನು, ನೆಟ್ ಇದ್ದಾಗಲೇ ಇಳಿಸಿಕೊಂಡಿರಬೇಕು. ‘ಡಾಕರ್ ಸೇವ್’ ಮಾಡಿ ಪೆನ್‌ಡ್ರೈವ್‌ನಲ್ಲಿಟ್ಟುಕೊಂಡರೆ ‘ಡಾಕರ್ ಲೋಡ್’ ಮಾಡಲು ನೆಟ್ ಬೇಕಿಲ್ಲ.

ನಾಲ್ಕುನೂರನಾಲ್ಕು

ಯಾವ ಸರ್ವರ್ ಎಂದು ಇಷ್ಟು ಹೊತ್ತು ಗುದ್ದಾಡಿದಿರಿ. ಕೇಳಿದವರ ಪ್ರಶ್ನೆ ನೆಟ್ ಇಲ್ಲದಾಗ ಕೆಲಸ ನಡೆಯುವುದು ಹೇಗೆ ಎಂದು. ಸರ್ವರ್ ನಿಮ್ಮ ಯಂತ್ರದಲ್ಲಿದೆ ಎಂದ ಮಾತ್ರಕ್ಕೆ ತಾಣ ನಿಮ್ಮ ಯಂತ್ರದಲ್ಲಿದೆ ಎಂದಾಗುವುದಿಲ್ಲ. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಕಡತ ಒಂದು ಸಿಡಿಎನ್‌ನಿಂದ (ಇಂಥ ಕಡತಗಳನ್ನು ಹಂಚುವ ಹೊರಗಿನ ಸರ್ವರ್), ಐಕಾನ್‌ಗಳು ಇನ್ನೊಂದರಿಂದ, ಫಾಂಟ್ ಗೂಗಲ್‌ನಿಂದ, ನಕ್ಷೆ ಮತ್ತೆಲ್ಲಿಂದಲೋ ಬರುತ್ತಿರುತ್ತವೆ. ವೈಫೈ ಹೋದ ಕೂಡಲೇ ಅರ್ಧ ತಾಣ ಮಾಯ.

ಪರೀಕ್ಷಿಸುವ ರೀತಿ ಹೀಗೆ. ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಭಾಗದಲ್ಲಿ ‘ಡಿಸೇಬಲ್ ಕ್ಯಾಷ್’ ಗುರುತು ಹಾಕಿ. ಇಲ್ಲದಿದ್ದರೆ ನಿನ್ನೆ ಇಳಿಸಿಟ್ಟುಕೊಂಡ ಪ್ರತಿಯನ್ನೇ ಬ್ರೌಸರ್ ತೋರಿಸಿ ನಿಮ್ಮನ್ನು ನಂಬಿಸುತ್ತದೆ. ಅಲ್ಲೇ ‘ಆಫ್‌ಲೈನ್’ ಎಂಬ ಆಯ್ಕೆಯೂ ಇದೆ, ಅದನ್ನು ಬಳಸಬೇಡಿ. ಅದು ಲೋಕಲ್‌ಹೋಸ್ಟನ್ನೂ ಕಡಿದುಹಾಕುತ್ತದೆ, ಏನೂ ತೆರೆಯುವುದಿಲ್ಲ. ವೈಫೈಯನ್ನೇ ನಿಲ್ಲಿಸಿ ಪುಟವನ್ನು ಮತ್ತೆ ತೆರೆಯಿರಿ. ಪಟ್ಟಿಯಲ್ಲಿ ಕೆಂಪಾದ ಪ್ರತಿ ಸಾಲೂ ನಿಮ್ಮ ಫೋಲ್ಡರಿಗೆ ತಂದಿಟ್ಟುಕೊಳ್ಳಬೇಕಾದ ಕಡತ.

ಕನ್ನಡ ತಾಣದಲ್ಲಿ ಫಾಂಟಿನ ಮೋಸ ಬೇರೆಯೇ. ಹೊರಗಿನ ಫಾಂಟ್ ಸಿಗದಿದ್ದರೆ ವಿಂಡೋಸ್ ಸದ್ದಿಲ್ಲದೆ ನಿರ್ಮಲಾ ಯುಐ ಬಳಸಿಬಿಡುತ್ತದೆ. ಅಕ್ಷರ ಓದಲು ಬರುವುದರಿಂದ ಯಾವುದೋ ತಪ್ಪಿದೆ ಎಂದು ತಿಳಿಯುವುದೇ ಇಲ್ಲ. ಸಾಲಿನ ಎತ್ತರ ಮಾತ್ರ ಬೇರೆಯಾಗಿರುತ್ತದೆ. ಅದಕ್ಕೆ ಹೊಂದಿಸಿ ಶೈಲಿ ಬರೆದರೆ ನಿಜವಾದ ಫಾಂಟ್ ಬಂದಾಗ ಒತ್ತಕ್ಷರಗಳ ಬುಡ ಗುಂಡಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ‘ವಾಫ್2’ ರೂಪದಲ್ಲಿ ಇಳಿಸಿ ತಾಣದೊಳಗೇ ಇಡಿ. ಗಾತ್ರ ತಗ್ಗಿಸಲೆಂದು ಫಾಂಟನ್ನು ಕತ್ತರಿಸುವ ಸಲಕರಣೆಗಳಿವೆ. ಅವು ಅಕ್ಷರಜೋಡಣೆಯ ಕೋಷ್ಟಕಗಳನ್ನೂ ಕತ್ತರಿಸಿದರೆ ‘ಸ್ತ್ರೀ’ ಬಿಡಿಬಿಡಿಯಾಗಿ ಕೂರುತ್ತದೆ. ಕನ್ನಡಕ್ಕೆ ಇಡೀ ಫಾಂಟೇ ಲೇಸು.

ಹೊಸಪುಟ

ವೈಫೈ ನಿಲ್ಲಿಸಿ ನೋಡಿದೆ. ನೀವು ಹೇಳಿದಂತೆಯೇ ಆಯಿತು, ಐಕಾನ್‌ಗಳೆಲ್ಲ ಚೌಕಗಳಾದವು. ಅವುಗಳನ್ನು ಒಳಗೆ ತಂದುಕೊಂಡೆ. ಆದರೆ ವರ್ಡ್‌ಪ್ರೆಸ್‌ನ ನಿರ್ವಹಣಾ ಪುಟಗಳು ನೆಟ್ ಇಲ್ಲದಾಗ ತೆರೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತಿವೆ. ಓದುಗರಿಗೆ ಕಾಣುವ ಪುಟಗಳು ಬೇಗ ಬರುತ್ತವೆ.

ತೆರೆಮರೆ

ಹೊಸ ಆವೃತ್ತಿ ಇದೆಯೇ, ಪ್ಲಗಿನ್‌ಗಳು ಹಳತಾದವೇ, ಸುದ್ದಿ ಏನಿದೆ ಎಂದು ವರ್ಡ್‌ಪ್ರೆಸ್ ತನ್ನ ತವರಿಗೆ ಫೋನ್ ಮಾಡುತ್ತಲೇ ಇರುತ್ತದೆ. ಆ ಕಡೆಯಿಂದ ಉತ್ತರ ಬಾರದೆ ಕಾಯುವ ಹೊತ್ತು ಅದು. ‘ಡಬ್ಲ್ಯುಪಿ-ಕಾನ್ಫಿಗ್’ ಕಡತದಲ್ಲಿ ‘ಡಬ್ಲ್ಯುಪಿ_ಎಚ್‌ಟಿಟಿಪಿ_ಬ್ಲಾಕ್_ಎಕ್ಸ್‌ಟರ್ನಲ್’ ಎಂಬ ಸ್ಥಿರಾಂಕಕ್ಕೆ ‘ಟ್ರೂ’ ಕೊಡಿ, ಎಲ್ಲವೂ ದೊಡ್ಡಕ್ಷರದಲ್ಲಿ. ಹೊರಗಿನ ಕರೆಗಳು ತಕ್ಷಣ ನಿಲ್ಲುತ್ತವೆ. ಪ್ಲಗಿನ್ ಸೇರಿಸುವಾಗ ಅಥವಾ ನವೀಕರಿಸುವಾಗ ಮಾತ್ರ ಆ ಸಾಲನ್ನು ತೆಗೆಯಿರಿ. ಪ್ರತಿಕ್ರಿಯೆ ಬರೆದವರ ಮುಖಚಿತ್ರಗಳನ್ನು ತರುವುದು ಸರ್ವರ್ ಅಲ್ಲ, ಬ್ರೌಸರ್. ಅದನ್ನು ಸೆಟ್ಟಿಂಗ್ಸ್‌ನ ‘ಡಿಸ್ಕಷನ್’ ಪುಟದಲ್ಲಿ ಬೇರೆಯಾಗಿ ನಿಲ್ಲಿಸಬೇಕು.

ಫಾರ್ಮಿನಿಂದ ಹೋಗಬೇಕಾದ ಮಿಂಚಂಚೆಗೂ ಒಂದು ದಾರಿ ಇದೆ. ‘ಮೇಲ್‌ಪಿಟ್’ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿಟ್ಟು, ಪಿಎಚ್‌ಪಿಯ ಸಂರಚನೆಯಲ್ಲಿ ಎಸ್‌ಎಂಟಿಪಿ ಪೋರ್ಟ್ 1025 ಎಂದು ಕೊಡಿ. ಅಂಚೆ ಹೊರಗೆ ಹೋಗುವುದೇ ಇಲ್ಲ, ಬ್ರೌಸರ್‌ನಲ್ಲಿ 8025ನೇ ಪೋರ್ಟ್ ತೆರೆದರೆ ಅಲ್ಲಿ ಬಿದ್ದಿರುತ್ತದೆ. ನೆಟ್ ಇದ್ದಾಗಲೂ ಇದೇ ಒಳ್ಳೆಯದು. ಪರೀಕ್ಷೆಯ ಸಂದೇಶ ನಿಜವಾದ ಗ್ರಾಹಕರಿಗೆ ತಲುಪುವ ಅನಾಹುತ ಇರುವುದಿಲ್ಲ.

ಚಿಕ್ಕಪರದೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದೇ ತಾಣವನ್ನು ಮೊಬೈಲ್‌ನಲ್ಲಿ ನೋಡುವುದು ಹೇಗೆ? ಎರಡೂ ಒಂದೇ ವೈಫೈಯಲ್ಲಿವೆ. ಲ್ಯಾಪ್‌ಟಾಪಿನ ಐಪಿ ವಿಳಾಸ ಕೊಟ್ಟರೆ ಮೊಬೈಲ್ ‘ಲೋಕಲ್‌ಹೋಸ್ಟ್’ಗೆ ಹೋಗಿ ಸಂಪರ್ಕ ಸಿಗಲಿಲ್ಲ ಎನ್ನುತ್ತದೆ.

ಅರ್ಧವಿರಾಮ

ತೆರೆಮರೆ ಅವರು ಆಗಲೇ ಹೇಳಿದ ಪೂರ್ಣ ವಿಳಾಸದ ಫಲ ಇದು. ವರ್ಡ್‌ಪ್ರೆಸ್ ಮೊಬೈಲಿಗೆ ‘ಲೋಕಲ್‌ಹೋಸ್ಟ್‌ಗೆ ಹೋಗು’ ಎನ್ನುತ್ತದೆ. ಮೊಬೈಲಿನ ಪಾಲಿಗೆ ಲೋಕಲ್‌ಹೋಸ್ಟ್ ಎಂದರೆ ಮೊಬೈಲೇ, ಅಲ್ಲಿ ಸರ್ವರ್ ಎಲ್ಲಿದೆ? ಪರೀಕ್ಷೆಯ ಮಟ್ಟಿಗೆ ಕಾನ್ಫಿಗ್ ಕಡತದಲ್ಲಿ ‘ಡಬ್ಲ್ಯುಪಿ_ಹೋಮ್’ ಮತ್ತು ‘ಡಬ್ಲ್ಯುಪಿ_ಸೈಟ್‌ಯುಆರ್‌ಎಲ್’ ಎರಡಕ್ಕೂ ಲ್ಯಾಪ್‌ಟಾಪಿನ ಐಪಿ ಕೊಡಿ. ಫೈರ್‌ವಾಲ್ ಕೇಳಿದಾಗ ಖಾಸಗಿ ನೆಟ್‌ವರ್ಕ್‌ಗೆ ಮಾತ್ರ ಅನುಮತಿಸಿ. ಝ್ಯಾಂಪ್‌ನಲ್ಲಿ ಡೇಟಾಬೇಸಿನ ರೂಟ್ ಬಳಕೆದಾರನಿಗೆ ಗುಪ್ತಪದವೇ ಇರುವುದಿಲ್ಲ. ಅಂಥ ಯಂತ್ರವನ್ನು ಸಾರ್ವಜನಿಕ ವೈಫೈಯಲ್ಲಿ ಬಾಗಿಲು ತೆರೆದು ಕೂರಿಸಬಾರದು.

ಇನ್ನೊಂದು ವ್ಯತ್ಯಾಸವೂ ಕಾಣಬಹುದು. ಸ್ಥಳ ಪತ್ತೆ, ಸರ್ವಿಸ್ ವರ್ಕರ್ (ಪುಟದ ಹಿಂಬದಿಯಲ್ಲಿ ಓಡುವ ಸ್ಕ್ರಿಪ್ಟ್) ಮುಂತಾದವು ಸುರಕ್ಷಿತ ವಿಳಾಸದಲ್ಲಿ, ಅಂದರೆ ಎಚ್‌ಟಿಟಿಪಿಎಸ್‌ನಲ್ಲಿ, ಮಾತ್ರ ನಡೆಯುತ್ತವೆ. ಲೋಕಲ್‌ಹೋಸ್ಟ್‌ಗೆ ಬ್ರೌಸರ್‌ಗಳು ವಿನಾಯಿತಿ ಕೊಟ್ಟಿವೆ, ಐಪಿ ವಿಳಾಸಕ್ಕೆ ಕೊಟ್ಟಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡಿದ್ದು ಮೊಬೈಲಿನಲ್ಲಿ ನಿಂತರೆ ಕೋಡಿನ ತಪ್ಪೆಂದು ಮೊದಲೇ ತೀರ್ಮಾನಿಸಬೇಡಿ. ನಿಜಕ್ಕೂ ಬೇಕೆಂದರೆ ‘ಎಂಕೆಸರ್ಟ್’ ಬಳಸಿ ಲೋಕಲ್ ಪ್ರಮಾಣಪತ್ರ ಮಾಡಿಕೊಳ್ಳಬಹುದು. ಅದು ಸೃಷ್ಟಿಸುವ ಮೂಲ ಕೀಲಿಯನ್ನು ಮಾತ್ರ ಯಾರಿಗೂ ಕೊಡಬೇಡಿ.

ಹೊಸಪುಟ

‘ಲೋಕಲ್‌ಹೋಸ್ಟ್:8080/ತಾಣ’ ಎಂಬ ಉದ್ದ ವಿಳಾಸದ ಬದಲು ಚಿಕ್ಕ ಹೆಸರು ಇಡಬಹುದೇ? ಹಳೆಯ ಲೇಖನವೊಂದರಲ್ಲಿ ‘.ಡೆವ್’ ಎಂದು ಇಡಲು ಹೇಳಿದ್ದಾರೆ.

ನಾಲ್ಕುನೂರನಾಲ್ಕು

‘.ಡೆವ್’ ಬೇಡ. ಅದು ಈಗ ಗೂಗಲ್ ನಡೆಸುವ ನಿಜವಾದ ಡೊಮೈನ್. 2017ರ ಕೊನೆಯಲ್ಲಿ ಕ್ರೋಮ್ 63 ಬಂದಾಗ ‘.ಡೆವ್’ ಹೆಸರುಗಳಿಗೆಲ್ಲ ಎಚ್‌ಟಿಟಿಪಿಎಸ್ ಕಡ್ಡಾಯವಾಯಿತು, ಎಷ್ಟೋ ಜನರ ಲೋಕಲ್ ತಾಣಗಳು ರಾತ್ರೋರಾತ್ರಿ ನಿಂತವು. ‘.ಲೋಕಲ್’ ಕೂಡ ಬೇಡ, ಮನೆಯೊಳಗಿನ ಪ್ರಿಂಟರ್ ಮುಂತಾದ ಸಾಧನಗಳನ್ನು ಹುಡುಕುವ ವ್ಯವಸ್ಥೆ ಅದನ್ನು ಬಳಸುತ್ತದೆ. 1999ರಿಂದಲೂ ಪರೀಕ್ಷೆಗೆಂದೇ ಮೀಸಲಿಟ್ಟ ಹೆಸರು ‘.ಟೆಸ್ಟ್’. ಅದು ಎಂದಿಗೂ ಯಾರಿಗೂ ಮಾರಾಟವಾಗುವುದಿಲ್ಲ.

ವಿಂಡೋಸ್‌ನ ‘ಹೋಸ್ಟ್ಸ್’ ಕಡತವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 127.0.0.1ರ ಮುಂದೆ ಹೆಸರು ಬರೆಯಿರಿ, ಅಪಾಚೆಯಲ್ಲಿ ವರ್ಚುವಲ್ ಹೋಸ್ಟ್ ಸೇರಿಸಿ, ಅಂದರೆ ಆ ಹೆಸರಿಗೆ ಯಾವ ಫೋಲ್ಡರ್ ಎಂದು ಹೇಳಿ. ತಾಣ ಹೀಗೆ ಮೂಲದಲ್ಲೇ ನಿಂತರೆ ಓರೆಗೆರೆಯ ಮಾರ್ಗಗಳೂ ಲೈವ್‌ನಲ್ಲಿದ್ದಂತೆಯೇ ನಡೆಯುತ್ತವೆ. ನನ್ನ ಮಟ್ಟಿಗೆ ಚಿಕ್ಕ ಹೆಸರಿಗಿಂತ ಇದೇ ದೊಡ್ಡ ಲಾಭ.

ಹೊಸಪುಟ

ಬಹುತೇಕ ಮುಗಿಯಿತು. ಲೈವ್‌ಗೆ ಏರಿಸುವಾಗ ಡೇಟಾಬೇಸನ್ನು ರಫ್ತು ಮಾಡಿ, ನೋಟ್‌ಪ್ಯಾಡ್‌ನಲ್ಲಿ ತೆರೆದು, ಲೋಕಲ್‌ಹೋಸ್ಟ್ ಇದ್ದಲ್ಲೆಲ್ಲ ನಿಜವಾದ ವಿಳಾಸ ಹಾಕಿದರೆ ಆಯಿತಲ್ಲವೇ?

ತೆರೆಮರೆ

ಅದೊಂದನ್ನು ಮಾಡಬೇಡಿ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗ್‌ಗಳನ್ನು ಸೀರಿಯಲೈಸ್ ಮಾಡಿ ಇಡುತ್ತದೆ, ಅಂದರೆ ಪಠ್ಯದ ಪಕ್ಕದಲ್ಲೇ ಅದಕ್ಕೆ ಎಷ್ಟು ಬೈಟ್ ಎಂಬ ಸಂಖ್ಯೆಯೂ ಇರುತ್ತದೆ. ವಿಳಾಸದ ಉದ್ದ ಬದಲಾಗಿ ಸಂಖ್ಯೆ ಹಾಗೆಯೇ ಉಳಿದರೆ ಪಿಎಚ್‌ಪಿ ಇಡೀ ಸೆಟ್ಟಿಂಗನ್ನು ಓದಲು ನಿರಾಕರಿಸುತ್ತದೆ. ವಿಜೆಟ್‌ಗಳು, ಥೀಮಿನ ಆಯ್ಕೆಗಳು ಖಾಲಿಯಾಗುತ್ತವೆ. ವರ್ಡ್‌ಪ್ರೆಸ್ಸನ್ನು ಟರ್ಮಿನಲ್‌ನಿಂದ ನಡೆಸುವ ‘ಡಬ್ಲ್ಯುಪಿ-ಸಿಎಲ್‌ಐ’ಯ ‘ಸರ್ಚ್-ರಿಪ್ಲೇಸ್’ ಬಳಸಿ, ಅದು ಸಂಖ್ಯೆಯನ್ನೂ ತಿದ್ದುತ್ತದೆ. ಮೊದಲು ‘--ಡ್ರೈ-ರನ್’ ಕೊಟ್ಟು ಎಲ್ಲೆಲ್ಲಿ ಬದಲಾಗಲಿದೆ ಎಂದು ನೋಡಿ.

ಏರಿಸಿದ ಮೇಲೆ ಕೆಲವು ಚಿತ್ರಗಳು ಮಾತ್ರ ಕಾಣದಿದ್ದರೆ ಕಡತದ ಹೆಸರುಗಳನ್ನು ನೋಡಿ. ವಿಂಡೋಸ್‌ಗೆ ಇಂಗ್ಲಿಷ್‌ನ ದೊಡ್ಡಕ್ಷರವೂ ಸಣ್ಣಕ್ಷರವೂ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆಬೇರೆ. ಈಗಿನಿಂದಲೇ ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲಿ ಇಡುತ್ತ ಬನ್ನಿ.

ಹೊಸಪುಟ

ಸರಿ, ಹಾಗೆಯೇ ಮಾಡುತ್ತೇನೆ. ಬ್ಯಾಕಪ್‌ಗೆ ಝ್ಯಾಂಪ್ ಫೋಲ್ಡರನ್ನೇ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡರೆ ಸಾಕೇ?

ಕಪ್ಪುತೆರೆ

ಎಚ್‌ಟಿಡಾಕ್ಸ್‌ಗೆ ಸಾಕು, ಡೇಟಾಬೇಸಿಗೆ ಸಾಲದು. ಡೇಟಾಬೇಸ್ ಓಡುತ್ತಿರುವಾಗ ಅದರ ಡೇಟಾ ಫೋಲ್ಡರ್ ನಕಲು ಮಾಡಿದರೆ ಅರ್ಧ ಬರೆದ ಕಡತಗಳು ಸಿಗುತ್ತವೆ. ನಿಮ್ಮ ತಾಣದ ಹೆಸರಿನ ಉಪಫೋಲ್ಡರನ್ನಷ್ಟೇ ತೆಗೆದುಕೊಂಡರೆ ಟೇಬಲ್‌ಗಳ ಹೆಸರು ಕಾಣುತ್ತದೆ, ತೆರೆಯುವುದಿಲ್ಲ, ಏಕೆಂದರೆ ಟೇಬಲ್‌ಗಳನ್ನು ಕಾಪಿಡುವ ಇನ್ನೊಡಿಬಿ ಎಂಬ ಭಾಗದ ಹಂಚಿಕೆಯ ಮಾಹಿತಿ ಮೇಲಿನ ಫೋಲ್ಡರಿನಲ್ಲಿ ಬೇರೆ ಕಡತದಲ್ಲಿರುತ್ತದೆ. ಟರ್ಮಿನಲ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಡಂಪ್’ ಆಜ್ಞೆಯಿಂದ ರಫ್ತು ಮಾಡಿ, ಅಥವಾ ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನ ‘ಎಕ್ಸ್‌ಪೋರ್ಟ್’ ಒತ್ತಿ. ಬಂದ ಕಡತವನ್ನು ಎಡಿಟರ್‌ನಲ್ಲಿ ತೆರೆದು ನಿಮ್ಮ ಕನ್ನಡ ಕನ್ನಡವಾಗಿಯೇ ಇದೆಯೇ ಎಂದು ನೋಡಿ, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ಲ್ಯಾಪ್‌ಟಾಪ್ ಆರಿಸುವ ಮುನ್ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡೇಟಾಬೇಸಿಗೆ ‘ಸ್ಟಾಪ್’ ಕೊಡುವುದನ್ನೂ ರೂಢಿ ಮಾಡಿಕೊಳ್ಳಿ.